ನೆರಳಿನ ನಾಡಿನ ಬಾಗಿಲಲ್ಲಿ

ರಕ್ತದೊಡೆಯ ಮೋಗ್‌ನನ್ನು ಕೊಂದ ಮೇಲೆ ಅವನ ಅಂಗಳದ ಹಿಂಬದಿಯಲ್ಲಿ ಒಡೆದ ಮೊಟ್ಟೆಯಂಥ ದೊಡ್ಡದೊಂದು ಕೋಶ ಕಾಣಿಸುತ್ತದೆ. ಅದರೊಳಗಿಂದ ಒಣಗಿ ಸುಕ್ಕಾದ ಕೈಯೊಂದು ಹೊರಗೆ ಜೋತುಬಿದ್ದಿದೆ. 2022ರಲ್ಲಿ ‘ಎಲ್ಡನ್ ರಿಂಗ್’ ಆಡುತ್ತ ಅಲ್ಲಿಯವರೆಗೆ ತಲುಪಿದವರು ಆ ಕೈಯನ್ನು ನೋಡಿದ್ದರು, ಅದರ ಬಗ್ಗೆ ಏನೇನೋ ಊಹೆ ಹೆಣೆದಿದ್ದರು, ಮಾಡುವುದೇನೂ ಇಲ್ಲವೆಂದು ಮುಂದೆ ಹೋಗಿದ್ದರು. 2024ರ ಜೂನ್ 21ರ ಶುಕ್ರವಾರ ಆ ಕೈ ಬಾಗಿಲಾಯಿತು. ಮುಟ್ಟಿದರೆ ಸಾಕು, ಇನ್ನೊಂದು ಲೋಕ.

ಆದರೆ ಮುಟ್ಟಬೇಕಾದರೆ ಮೋಗ್ ಸತ್ತಿರಬೇಕು. ಅವನ ಜೊತೆಗೆ ನಕ್ಷತ್ರಗಳನ್ನೇ ತಡೆದು ನಿಲ್ಲಿಸಿದ ರಾಡಾನ್ ಎಂಬ ದೈತ್ಯ ಸೇನಾಪತಿಯೂ ಸತ್ತಿರಬೇಕು. ಅರಸೀಕೆರೆಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಬಿಡುಗಡೆಯ ದಿನವೇ ಆ ಲೋಕವಿರುವ ವಿಸ್ತರಣೆ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಕೊಂಡುಕೊಂಡ, ರಾತ್ರಿಯೆಲ್ಲ ಡೌನ್‌ಲೋಡ್ ಮಾಡಿದ, ಬೆಳಗ್ಗೆ ಫೋನ್ ಮಾಡಿದ. “ಅಣ್ಣಾ, ದುಡ್ಡು ಕೊಟ್ಟಿದೀನಿ, ಒಳಗೇ ಬಿಡ್ತಿಲ್ಲ ಕಣಣ್ಣಾ.” ಅವನ ಆಟದಲ್ಲಿ ಮೋಗ್ ಇನ್ನೂ ಗಟ್ಟಿಮುಟ್ಟಾಗಿದ್ದ. ಅವನೊಬ್ಬನೇ ಹೀಗೆ ಹೊರಗೆ ನಿಂತದ್ದಲ್ಲ. ಆಟ ಕೊಡುವ ಸಾಧನೆಯ ಪದಕಗಳ ಲೆಕ್ಕ ನೋಡಿದರೆ ಮೋಗ್‌ನನ್ನು ಕೊಂದವರು ಆಟ ಕೊಂಡವರಲ್ಲಿ ಅರ್ಧಕ್ಕಿಂತ ಕಡಿಮೆ. ಪ್ರಕಾಶಕರು ಬಿಡುಗಡೆಗೆ ಮೊದಲೇ ಇದನ್ನು ನೆನಪಿಸಿದ್ದರು. ಸಿನಿಮಾ ಟಿಕೆಟ್ ತೆಗೆದುಕೊಂಡವನಿಗೆ, ಹಿಂದಿನ ಭಾಗವನ್ನು ನೀನು ಪೂರ್ತಿ ನೋಡಿದ್ದೀಯಾ ಎಂದು ಗೇಟಿನಲ್ಲಿ ಪರೀಕ್ಷೆ ಇಟ್ಟರೆ ಹೇಗಿರುತ್ತದೆ, ಹಾಗೆ.

ಈ ವಿಸ್ತರಣೆಗೆ ಸಿಕ್ಕ ಸ್ವಾಗತವನ್ನು ಅಳೆಯಲು ಹೊರಟಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಫೋನು.

ಆಡದವರಿಗಾಗಿ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ‘ಎಲ್ಡನ್ ರಿಂಗ್’ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ತಯಾರಿಸಿ, ಬಂಡಾಯ್ ನಾಮ್ಕೊ ಪ್ರಕಟಿಸಿ, 2022ರ ಫೆಬ್ರವರಿ 25ರಂದು ಹೊರಬಂದ ಆಟ. ನಿರ್ದೇಶಕ ಹಿದೆತಾಕ ಮಿಯಾಝಾಕಿ. ಅದರ ಪುರಾಣದ ಬುನಾದಿ ಹಾಕಿಕೊಟ್ಟವರು ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ವಿಶಾಲವಾದ ಬಯಲು ಲೋಕ, ಕುದುರೆ, ಕೋಟೆ, ಹೆಜ್ಜೆಹೆಜ್ಜೆಗೂ ಸಾವು. ಆ ವರ್ಷದ ದೊಡ್ಡ ಪ್ರಶಸ್ತಿಗಳಲ್ಲಿ ಹಲವನ್ನು ಬಾಚಿಕೊಂಡಿತು. ಅದಕ್ಕೊಂದು ವಿಸ್ತರಣೆ ಬರುತ್ತದೆಂಬ ಘೋಷಣೆ 2023ರ ಫೆಬ್ರವರಿಯಲ್ಲಿ ಒಂದೇ ಒಂದು ಚಿತ್ರದ ರೂಪದಲ್ಲಿ ಬಂತು. ಆಮೇಲೆ ಸುಮಾರು ಒಂದು ವರ್ಷ ಮೌನ. ಸಾಮಾನ್ಯವಾಗಿ ಇಂಥ ವಿಸ್ತರಣೆಗಳು, ಅಂದರೆ ಆಡುವವರು ಡಿಎಲ್‌ಸಿ ಎಂದು ಕರೆಯುವ ಸರಕು, ಊಟ ಮುಗಿದ ಮೇಲೆ ಕೊಡುವ ಬಾಳೆಹಣ್ಣಿನಂಥವು. ಇದು ಹಾಗಿರಲಿಲ್ಲ. 40 ಡಾಲರ್ ಬೆಲೆ, ಇಡೀ ಒಂದು ಹೊಸ ನಾಡು, ಹೊಸ ಆಯುಧಗಳ ರಾಶಿ. ಎರಡನೆಯ ಪಂಕ್ತಿಯನ್ನೇ ಹಾಕಿದ್ದರು.

ಬಿಡುಗಡೆಗೆ ಕೆಲವು ದಿನ ಮೊದಲು ವಿಮರ್ಶೆಗಳು ಬಂದವು. ಬೇರೆಬೇರೆ ವಿಮರ್ಶಕರ ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 94-95ರ ಆಸುಪಾಸು. ಒಂದು ವಿಸ್ತರಣೆಗೆ ಇದು ಅಪರೂಪದ ಅಂಕ. ಶುಕ್ರವಾರ ಬಾಗಿಲು ತೆರೆಯಿತು. ಶನಿವಾರದ ಹೊತ್ತಿಗೆ, ಕಂಪ್ಯೂಟರ್‌ನಲ್ಲಿ ಆಡುವವರ ಮುಖ್ಯ ಅಂಗಡಿಯಾದ ಸ್ಟೀಮ್‌ನಲ್ಲಿ ಆಟದ ಹೆಸರಿನ ಕೆಳಗೆ ‘ಮಿಶ್ರ’ ಎಂಬ ಹಣೆಪಟ್ಟಿ ಬಿದ್ದಿತ್ತು. ಮೂರು ದಿನದಲ್ಲಿ 50 ಲಕ್ಷ ಪ್ರತಿ ಮಾರಾಟವಾದ ಸರಕಿನ ಮೇಲೆ, ವಿಮರ್ಶಕರು ತಲೆಯ ಮೇಲೆ ಹೊತ್ತು ಕುಣಿದ ಸರಕಿನ ಮೇಲೆ, ‘ಮಿಶ್ರ’!

ತಕ್ಷಣ ಎರಡು ಪಕ್ಷಗಳಾದವು. ವಿಮರ್ಶಕರು ಕಂಪನಿಯ ಹೊಗಳುಭಟರು ಎಂದು ಒಂದು ಪಕ್ಷ, ಆಟಗಾರರಿಗೆ ಕೈಲಾಗದ್ದಕ್ಕೆ ಮೈಯೆಲ್ಲ ಪರಚಿಕೊಳ್ಳುತ್ತಿದ್ದಾರೆ ಎಂದು ಇನ್ನೊಂದು. ಎರಡೂ ಸೋಮಾರಿ ಮಾತುಗಳು. ಮೊದಲನೆಯದಾಗಿ, ಆ ಎರಡು ಅಂಕೆಗಳನ್ನು ಪಕ್ಕಪಕ್ಕ ಇಡುವುದೇ ಸರಿಯಲ್ಲ. ಒಂದು ಸೇರಿನ ಲೆಕ್ಕ, ಇನ್ನೊಂದು ಮೊಳದ ಲೆಕ್ಕ. ವಿಮರ್ಶಕ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾನೆ. ಸ್ಟೀಮ್‌ನಲ್ಲಿ ಇರುವುದು ಹೆಬ್ಬೆರಳು ಮಾತ್ರ, ಮೇಲಕ್ಕೆ ಇಲ್ಲವೇ ಕೆಳಕ್ಕೆ. ಮೇಲಕ್ಕೆತ್ತಿದವರು ನೂರಕ್ಕೆ 40ರಿಂದ 69ರ ನಡುವೆ ಇದ್ದರೆ ‘ಮಿಶ್ರ’. ತನ್ನ ಯಂತ್ರದಲ್ಲಿ ಚಿತ್ರ ತಡವರಿಸುತ್ತಿದೆ ಎಂದವನು, ಬಾಸ್ ಎನ್ನುವ ದೊಡ್ಡ ಶತ್ರುಗಳಲ್ಲಿ ಮೊದಲನೆಯವನ ಕೈಯಲ್ಲೇ ಮೂವತ್ತು ಸಲ ಸತ್ತವನು, ಬಾಗಿಲ ಹೊರಗೇ ನಿಂತವನು, ಕಥೆ ಹಿಡಿಸದವನು ಎಲ್ಲರಿಗೂ ಇರುವುದು ಅದೊಂದೇ ಹೆಬ್ಬೆರಳು. ಕಂಪ್ಯೂಟರ್ ಆವೃತ್ತಿಯ ತಡವರಿಕೆಯ ದೂರು ಆ ದಿನಗಳಲ್ಲಿ ಜೋರಾಗಿಯೇ ಇತ್ತು, ಅದು ಮೂಲ ಆಟದ ಕಾಲದಿಂದಲೂ ಬಂದ ದೂರು. ಅದಕ್ಕೆ ವ್ಯಾಖ್ಯಾನ ಬೇಕಿಲ್ಲ. ದುಡ್ಡು ತೆಗೆದುಕೊಂಡ ಮೇಲೆ ಸರಕು ನೆಟ್ಟಗಿರಬೇಕು, ಅಷ್ಟೆ.

ಉಳಿದದ್ದು ಕಷ್ಟದ ಮಾತು. ನನ್ನ ಆಸಕ್ತಿ ಅಲ್ಲಿದೆ.

ಈ ಸಂಸ್ಥೆಯ ಆಟಗಳು ಕಷ್ಟ ಎಂಬುದು ಹೊಸ ಸುದ್ದಿಯಲ್ಲ. ಮೆಣಸಿನಕಾಯಿ ಖಾರ ಎಂದು ಯಾರೂ ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವುದಿಲ್ಲ. ಆದರೆ ‘ಎಲ್ಡನ್ ರಿಂಗ್’ ಕೋಟಿಗಟ್ಟಲೆ ಜನರನ್ನು ತಲುಪಿದ್ದಕ್ಕೆ ಒಂದು ಕಾರಣವಿತ್ತು. ಅದರೊಳಗೆ ಒಂದು ಬಾಯಿಮಾತಿನ ಕರಾರು ಇತ್ತು. ಒಬ್ಬ ಬಾಸ್‌ನನ್ನು ಸೋಲಿಸಲಾಗದಿದ್ದರೆ ಅವನನ್ನು ಅಲ್ಲೇ ಬಿಟ್ಟು ಬೇರೆ ಕಡೆ ಹೋಗು, ಸಣ್ಣಪುಟ್ಟವರನ್ನು ಹೊಡಿ, ರೂನ್ ಎಂಬ ಕಾಸು ಕೂಡಿಹಾಕು, ಲೆವೆಲ್ ಏರಿಸು, ವಾಪಸ್ ಬಾ. ಹೊತ್ತು ಕೊಟ್ಟರೆ ಬಲ ಸಿಗುತ್ತದೆ. ಬೆರಳಿನ ಚುರುಕು ಇಲ್ಲದ ನನ್ನಂಥ ನಡುವಯಸ್ಸಿನವರು ಆ ಆಟವನ್ನು ಮುಗಿಸಿದ್ದು ಆ ಕರಾರಿನ ಬಲದಿಂದಲೇ. ಎರಡು ವರ್ಷ ಸಾಕಿ ಬೆಳೆಸಿದ ಪಾತ್ರ, ಲೆವೆಲ್ 150 ದಾಟಿದ್ದು, ಕೈಯಲ್ಲಿ ಪೂರ್ತಿ ಸಾಣೆ ಹಿಡಿದ ಕತ್ತಿ. ಮನೆಯ ಎತ್ತಿನ ಮೇಲೆ ರೈತನಿಗಿರುವ ಭರವಸೆ ಅದರ ಮೇಲೆ.

ಆ ಎತ್ತನ್ನು ಹೊಡೆದುಕೊಂಡು ನೆರಳಿನ ನಾಡಿಗೆ ಇಳಿದೆವು. ಕಣ್ಣ ಮುಂದೆ ಮಾಸಿದ ಬಂಗಾರದ ಬಯಲು, ಬಯಲ ತುಂಬ ಹೊಗೆಯಂತೆ ನಿಂತ ಸಮಾಧಿಗಲ್ಲುಗಳು, ದೂರದಲ್ಲಿ ಎರಡು ಕಾಂಡ ತಿರುಚಿಕೊಂಡ ಮರ, ಆಕಾಶದಿಂದ ಇಳಿಬಿಟ್ಟ ತೆಳು ಪರದೆ. ಇಳಿದ ಜಾಗಕ್ಕೆ ಸಮೀಪದಲ್ಲೇ ಒಂದು ಸಮಾಧಿ ಮಂದಿರ. ಒಳಗೆ ಕಪ್ಪು ಕವಚದ ಬ್ಲ್ಯಾಕ್‌ಜೇಲ್ ನೈಟ್, ಕೈಯಲ್ಲಿ ಒಂದು ಅಡ್ಡಬಿಲ್ಲು, ಒಂದು ಭಾರೀ ಕತ್ತಿ. ಹತ್ತಿರವಿದೆಯಲ್ಲ, ಸುಲಭ ಇರಬೇಕು ಎಂದು ಹೋದೆ. ಎರಡು ಏಟು. ನಾನು ನೆಲದ ಮೇಲೆ. ಮತ್ತೆ ಹೋದೆ. ಈ ಸಲ ಅಡ್ಡಬಿಲ್ಲಿನ ಬಾಣಗಳ ಗೊಂಚಲು ಎದೆಗೇ. ಅವನ ಮೈಮೇಲೆ ನನ್ನ ಕತ್ತಿ ಬಿದ್ದಾಗ ಆರೋಗ್ಯದ ಪಟ್ಟಿ ಅಲುಗಿತೋ ಇಲ್ಲವೋ ಎಂಬಷ್ಟು. ಸೋಲು ನನಗೆ ಹೊಸದೇನಲ್ಲ. ಆವತ್ತು ಬೇರೇನೋ ಅನಿಸಿತು, ಎರಡು ವರ್ಷದ ಉಳಿತಾಯದ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದವನಿಗೆ ಈ ನೋಟು ಇಲ್ಲಿ ನಡೆಯಲ್ಲ ಎಂದ ಹಾಗೆ.

ನಿಜಕ್ಕೂ ಆ ನೋಟು ಅಲ್ಲಿ ನಡೆಯುತ್ತಿರಲಿಲ್ಲ. ಒಂದು ಹಂತದ ಮೇಲೆ ಲೆವೆಲ್ ಏರಿಸಿದರೂ ಬಲ ಹೆಚ್ಚುವುದು ಎಳ್ಳಷ್ಟು. ಅದಕ್ಕೆ ಬದಲಾಗಿ ನೆರಳಿನ ನಾಡಿಗೆ ಅದರದೇ ನಾಣ್ಯವಿತ್ತು, ಸ್ಕಾಡುಟ್ರೀ ಮರದ ಚೂರು. ನಾಡಿನ ತುಂಬ ಇಂಥ 50 ಚೂರು ಚೆಲ್ಲಿವೆ. ಅವನ್ನು ಹುಡುಕಿ ವಿಶ್ರಾಂತಿಯ ತಾಣದಲ್ಲಿ ಕೂತು ಅರ್ಪಿಸಿದರೆ 20 ಮೆಟ್ಟಿಲವರೆಗೆ ಅನುಗ್ರಹ ಏರುತ್ತದೆ. ಮೆಟ್ಟಿಲು ಏರಿದಷ್ಟೂ ನಮ್ಮ ಏಟಿಗೆ ತೂಕ ಹೆಚ್ಚು, ಅವರ ಏಟಿಗೆ ತೂಕ ಕಡಿಮೆ. ನೆರವಿಗೆ ಕರೆಯುವ ಆತ್ಮಗಳಿಗೂ ಕುದುರೆಗೂ ಇಂಥದೇ ಬೇರೆ ಬೂದಿ, 25 ಚಿಟಿಕೆ. ಈ ಬಲ ಆ ನಾಡಿನೊಳಗೆ ಮಾತ್ರ, ಗಡಿ ದಾಟಿದರೆ ಇಲ್ಲ. ಮಿಯಾಝಾಕಿ ಇದನ್ನು ಬಿಡುಗಡೆಗೆ ಮುಂಚೆಯೇ ಸಂದರ್ಶನಗಳಲ್ಲಿ ಹೇಳಿದ್ದರು, 2019ರ ತಮ್ಮ ‘ಸೆಕಿರೊ’ದಲ್ಲಿದ್ದ ಆಕ್ರಮಣ ಬಲದ ಲೆಕ್ಕಕ್ಕೆ ಹೋಲಿಸಿಯೂ ಇದ್ದರು. ಆದರೆ ಸಂದರ್ಶನ ಓದಿ ಬಂದು ಆಡುವವರು ಎಷ್ಟು ಜನ? ಆಟದೊಳಗೆ ಅದಕ್ಕೆ ಸಿಗುವ ವಿವರಣೆ ಒಂದೆರಡು ಸಾಲು. ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಬಂದು, ಊಟ ತಟ್ಟೆಯಲ್ಲೇ ಬಿಟ್ಟು ಕೂತವನು ಆ ಸಾಲು ಓದಲಿಲ್ಲ. ಅವನು ನೇರ ಬಾಸ್ ಹತ್ತಿರ ಓಡಿದ.

ವಿಮರ್ಶಕ ಹಾಗೆ ಓಡಲಾರ. ಅವನ ಕೈಗೆ ಪ್ರತಿ ಮೊದಲೇ ಬಂದಿದೆ. ಲೇಖನ ಬರೆಯಬೇಕಾದ್ದರಿಂದ ಮೂಲೆಮೂಲೆ ನೋಡಲೇಬೇಕು. ಗುಹೆ ಕಂಡರೆ ಹೊಕ್ಕ, ಪಾಳು ಗುಡಿ ಕಂಡರೆ ಸುತ್ತಿದ. ಹೀಗೆ ಸುತ್ತುವಾಗ ಚೂರುಗಳು ತಾವಾಗಿಯೇ ಜೋಳಿಗೆಗೆ ಬಿದ್ದವು. ದೊಡ್ಡ ಬಾಸ್ ಎದುರಾಗುವಷ್ಟರಲ್ಲಿ ಅವನು ಎಂಟೋ ಹತ್ತೋ ಮೆಟ್ಟಿಲು ಏರಿದ್ದ. ಅದೇ ಬಾಸ್ ಎದುರು ಶುಕ್ರವಾರದ ಹುಡುಗ ಎರಡೋ ಮೂರೋ ಮೆಟ್ಟಿಲಲ್ಲಿದ್ದ. ಒಬ್ಬರು ಹೊಗಳಿದ್ದೂ ಇನ್ನೊಬ್ಬರು ಬೈದದ್ದೂ ಒಂದೇ ವಸ್ತುವನ್ನು. ನಮ್ಮ ಹಳೆಯ ಕಾವ್ಯಮೀಮಾಂಸೆಯವರು ಸಹೃದಯ ಎಂದು ಒಬ್ಬನನ್ನು ಕಲ್ಪಿಸಿಕೊಂಡಿದ್ದರಲ್ಲ, ಕೃತಿಗೆ ತಕ್ಕ ಹದದಲ್ಲಿ ಮನಸ್ಸನ್ನು ಸಿದ್ಧಮಾಡಿಕೊಂಡು ಬರುವವನು, ಅವನು ಇಲ್ಲಿ ಹುಟ್ಟಿ ಬರುವುದಿಲ್ಲ. ಕೆಲಸದ ಕರಾರೇ ವಿಮರ್ಶಕನನ್ನು ಸಹೃದಯನನ್ನಾಗಿ ಮಾಡುತ್ತದೆ. ಕಾಸು ಕೊಟ್ಟವನಿಗೆ ಹಾಗೆ ಆಗು ಎಂದು ಹೇಳುವವರಿಲ್ಲ.

ಐದೇ ದಿನಕ್ಕೆ ತಯಾರಕರು ಬಗ್ಗಿದರು. ಮೊದಲು ಚೂರುಗಳನ್ನು ಬಳಸಿ ಎಂದು ಆಟಗಾರರಿಗೆ ನೆನಪಿಸಿದರು. ಆಮೇಲೆ ಜೂನ್ 26ರಂದು ಪ್ಯಾಚ್ 1.12.2 ಬಂತು. ಅನುಗ್ರಹದ ಮೊದಲ ಅರ್ಧದಲ್ಲಿ ಸಿಗುವ ಬಲವನ್ನು ಹೆಚ್ಚಿಸಿ, ಎರಡನೆಯ ಅರ್ಧದ ಏರನ್ನು ಸಾವಕಾಶ ಮಾಡಿದರು, ಕೊನೆಯ ಮೆಟ್ಟಿಲಿಗೆ ಸ್ವಲ್ಪ ಸೇರಿಸಿದರು. ಅಂದರೆ ನಾಲ್ಕು ಚೂರು ಹೆಕ್ಕಿದವನಿಗೂ ಈಗ ವ್ಯತ್ಯಾಸ ಗೊತ್ತಾಗಬೇಕು. ಇದು ಜಾಣ ತಿದ್ದುಪಡಿ. ಯಾವ ಶತ್ರುವನ್ನೂ ಮೆತ್ತಗೆ ಮಾಡಲಿಲ್ಲ, ಹುಡುಕಾಟದ ಕೂಲಿಯನ್ನು ಬೇಗ ಬಟವಾಡೆ ಮಾಡಿದರು. ಬರಬರುತ್ತ ಸ್ಟೀಮ್‌ನ ಹಣೆಪಟ್ಟಿಯೂ ಬದಲಾಯಿತು. ಆದರೆ ಮೊದಲ ವಾರದ ವಿಮರ್ಶೆಗಳು ಯಾವ ಆಟವನ್ನು ಕುರಿತು ಬರೆದವೋ ಆ ಆಟ ಇವತ್ತು ಎಲ್ಲೂ ಸಿಗುವುದಿಲ್ಲ. ಅಚ್ಚಾದ ಪುಸ್ತಕದ ವಿಮರ್ಶೆ ಬರೆಯುವವನಿಗೆ ಈ ಪಾಡಿಲ್ಲ.

ಈಗ ನನ್ನ ಮಾತು. ಎರಡು ಸಲ ಆಡಿ ಮುಗಿಸಿದ ಮೇಲೆ ನನಗೆ ಕಂಡದ್ದು ಇದು: ಈ ವಿಸ್ತರಣೆ ಆಟಗಾರನಿಗೆ ಕೊಡುವ ಕಿರಿಕಿರಿಯನ್ನೇ ಕಥೆಯ ದಾರ ಮಾಡಿಕೊಂಡಿದೆ. ಎಲ್ಲಿ ಆ ದಾರ ಹಿಡಿದಿದೆಯೋ ಅಲ್ಲಿ ಇದು ಬಹಳ ಎತ್ತರದ ಕೆಲಸ.

ಬಾಗಿಲಿನ ವಿಷಯವನ್ನೇ ತೆಗೆದುಕೊಳ್ಳಿ. (ಕಥೆಯ ಗುಟ್ಟು ಬಿಡಿಸದೆ ಮುಂದೆ ಹೋಗಲಾಗದು. ಇನ್ನೂ ಆಡಬೇಕೆಂದಿರುವವರು ಇಲ್ಲಿಗೆ ಪುಟ ಮಡಚಬಹುದು.) ನೆರಳಿನ ನಾಡಿಗೆ ನಮಗಿಂತ ಮೊದಲು ಹೋದವನು ಮಿಕೆಲ್ಲ, ಎಂದೂ ಬೆಳೆಯದ ಶಾಪ ಹೊತ್ತ ದೇವಕುಮಾರ. ಅವನು ದೇವರಾಗಬೇಕು. ಅದಕ್ಕೆ ಜೊತೆಗೊಬ್ಬ ದೊರೆ ಬೇಕು. ಆ ದೊರೆ ರಾಡಾನ್. ರಾಡಾನ್‌ನ ಆತ್ಮ ಬಿಡುಗಡೆಯಾಗಬೇಕಾದರೆ ಅವನು ಸಾಯಬೇಕು, ಆತ್ಮ ಸೇರಲು ಒಂದು ದೇಹ ಬೇಕು, ಆ ದೇಹ ಮೋಗ್‌ನದು. ಅಂದರೆ ಬಾಗಿಲಲ್ಲಿ ನಮ್ಮಿಂದ ಕೇಳಿದ ಎರಡು ಹೆಣಗಳು ಟಿಕೆಟ್ ಆಗಿರಲಿಲ್ಲ. ನಮಗೆ ಗೊತ್ತಿಲ್ಲದೆ ನಾವು ಮಿಕೆಲ್ಲನ ಕೂಲಿ ಮಾಡಿದ್ದೆವು. ನನ್ನ ತಮ್ಮನ ದೂರು, ದುಡ್ಡು ಕೊಟ್ಟರೂ ಒಳಗೆ ಬಿಡುತ್ತಿಲ್ಲ ಎಂಬುದು, ಇಡೀ ಕಥೆಯ ಬೀಗದ ಕೈ. ಅವನಿಗೆ ಇದನ್ನು ವಿವರಿಸಿದೆ. “ಅದೆಲ್ಲ ಇರ್ಲಿ ಬಿಡಣ್ಣಾ, ಮೋಗ್‌ನ ಕೊಲ್ಲೋದು ಹೇಗೆ ಅದು ಹೇಳು” ಎಂದ.

ಚೂರುಗಳದೂ ಹೀಗೆಯೇ. ಮಿಕೆಲ್ಲ ದೇವರಾಗಲು ತನ್ನನ್ನು ಒಂದೊಂದಾಗಿ ಕಳಚಿಕೊಳ್ಳುತ್ತ ಹೋಗುತ್ತಾನೆ. ಒಂದು ಕಡೆ ಮೈ, ಒಂದು ಕಡೆ ಕೈ, ಒಂದು ಕಡೆ ಕಣ್ಣು, ಆಮೇಲೆ ಸಂದೇಹ, ಕಡೆಗೆ ಪ್ರೀತಿಯನ್ನೂ. ಕಳಚಿದ ಪ್ರತಿ ಜಾಗದಲ್ಲೂ ಹೊಳೆಯುವ ಒಂದು ಶಿಲುಬೆ. ಹಲವು ಶಿಲುಬೆಗಳ ಬುಡದಲ್ಲೇ ನಮಗೆ ಚೂರು ಸಿಗುವುದು. ಅವನು ಕಳೆದುಕೊಂಡು ಹಗುರಾಗುತ್ತ ಹೋದ ದಾರಿಯಲ್ಲೇ ನಾವು ಹೆಕ್ಕಿಕೊಂಡು ಭಾರವಾಗುತ್ತ ಹೋಗುತ್ತೇವೆ. ಬಲದ ಲೆಕ್ಕ ಬೇರೆ, ಕಥೆ ಬೇರೆ ಎಂದು ಇಟ್ಟಿಲ್ಲ. ಒಂದೇ ಕಲ್ಲಿನ ಕೆಳಗೆ ಎರಡನ್ನೂ ಇಟ್ಟಿದ್ದಾರೆ. ಲೆವೆಲ್ ಏರಿಸುವ ಹಳೆಯ ಕರಾರಿನಲ್ಲಿ ಇದು ಸಾಧ್ಯವೇ ಇರಲಿಲ್ಲ. ಅಲ್ಲಿ ಬಲ ಸಿಗುತ್ತಿದ್ದುದು ಒಂದೇ ಗದ್ದೆಯಲ್ಲಿ ನಿಂತು ಅದೇ ಬಡಪಾಯಿ ಸೈನಿಕರನ್ನು ನೂರು ಸಲ ಕೊಯ್ಯುವುದರಿಂದ. ನಡೆದವನಿಗೆ ಮಾತ್ರ ಬಲ ಎಂಬ ಹೊಸ ಕರಾರು ನನಗೆ ಹಳೆಯದಕ್ಕಿಂತ ಹಿತವಾಯಿತು, ಕರಾರು ಬದಲಾದ ಸುದ್ದಿಯನ್ನು ಬಾಗಿಲಲ್ಲೇ ಜೋರಾಗಿ ಸಾರಬೇಕಿತ್ತು ಎನ್ನುವುದನ್ನು ಬಿಟ್ಟರೆ.

ಮತ್ತೆ ಆ ನಾಡು. ಭೂಪಟ ನೋಡಿದರೆ ಕಿರಿದು. ನಡೆದರೆ ಮುಗಿಯುವುದಿಲ್ಲ, ಏಕೆಂದರೆ ಒಂದರ ಮೇಲೊಂದು ಅಟ್ಟದ ಹಾಗೆ ಪೇರಿಸಿದ್ದಾರೆ. ಬಂಡೆಯ ತುದಿಯಲ್ಲಿ ನಿಂತರೆ ಕೆಳಗೆ ನೀಲಿ ಹೂಗಳ ಕಡಲತೀರ ಕಾಣುತ್ತದೆ. ಅಲ್ಲಿಗೆ ಇಳಿಯುವ ದಾರಿ ಹುಡುಕಲು ಒಂದು ಸಂಜೆ ಬೇಕು. ನೆರಳುಕೋಟೆಯನ್ನು ಮುಂಬಾಗಿಲಿನಿಂದ ಹೊಕ್ಕವನು ಒಂದು ನಾಡಿಗೆ ಹೊರಬೀಳುತ್ತಾನೆ, ಜಲಪಾತದ ಹಿಂದಿನ ಏಣಿ ಹಿಡಿದವನು ಇನ್ನೊಂದಕ್ಕೆ. ಮೊದಲ ದೊಡ್ಡ ಬಾಸ್ ಕುಣಿಯುವ ದೈವಸಿಂಹ. ಚೀನಾ, ಜಪಾನಿನ ಸಿಂಹನೃತ್ಯವನ್ನು ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಚರ್ಮದ ಕೆಳಗೆ ಮನುಷ್ಯರ ಕೈಕಾಲು ಕಾಣುತ್ತಲೇ ಇರುತ್ತವೆ, ಜಾತ್ರೆಯ ತಟ್ಟೀರಾಯನೊಳಗೆ ಆಳು ಇರುವ ಹಾಗೆ. ಮುಚ್ಚಿಡುವ ಯತ್ನವೇ ಇಲ್ಲ. ಅದು ಸಿಡಿಲು, ಮಂಜು, ಗಾಳಿಗಳನ್ನು ಬದಲಿಸಿ ಬದಲಿಸಿ ಕುಣಿದಾಗ ಸತ್ತು ಬಿದ್ದರೂ ಒಂದು ಕ್ಷಣ ನೋಡುತ್ತ ಕೂತೆ.

ಆದರೆ ನಾನು ಯಾರಿಗಾದರೂ ಒಂದೇ ಒಂದು ಜಾಗ ತೋರಿಸಬೇಕಾದರೆ ಅದು ಶಾಮನ್ ಹಳ್ಳಿ. ಅಲ್ಲಿಗೆ ಹೋಗುವ ಮೊದಲು ಬಾನಿ ಎಂಬ ಊರಿಗೆ ಹೋಗಬೇಕು. ಊರ ತುಂಬ ದೊಡ್ಡ ಮಡಕೆಗಳು. ಮೂಲ ಆಟದಲ್ಲಿ ನಡೆದಾಡುವ ಮಡಕೆಗಳೆಂದರೆ ನಮಗೆಲ್ಲ ಅಕ್ಕರೆ. ಅಲೆಕ್ಸಾಂಡರ್ ಎಂಬ ವೀರ ಮಡಕೆ ಸತ್ತಾಗ ಕಣ್ಣೀರಿಟ್ಟವರನ್ನು ನಾನು ಬಲ್ಲೆ. ಬಾನಿಯಲ್ಲಿ ಆ ಮಡಕೆಯ ಹುಟ್ಟುಗುಟ್ಟು ತಿಳಿಯುತ್ತದೆ. ಶಾಮನ್ ಎಂಬ ಕುಲದ ಹೆಣ್ಣುಮಕ್ಕಳ ಮೈಯನ್ನು ಕೊಚ್ಚಿ, ಅಪರಾಧಿಗಳ ಮಾಂಸದ ಜೊತೆ ಮಡಕೆಗೆ ತುಂಬುತ್ತಿದ್ದ ಊರು ಅದು. ಅಲ್ಲಿ ಒಂದು ಭಂಗಿ ಸಿಗುತ್ತದೆ, ಅಮ್ಮನನ್ನು ಕರೆಯುವ ಭಂಗಿ. ಎಷ್ಟೋ ಹೊತ್ತಿನ ಮೇಲೆ, ನೆರಳುಕೋಟೆಯ ಹಿತ್ತಲಿನ ಒಂದು ಮೂರ್ತಿಯ ಮುಂದೆ ಆ ಭಂಗಿ ಮಾಡಿದರೆ ಗುಪ್ತ ದಾರಿ ತೆರೆಯುತ್ತದೆ. ದಾರಿಯ ಕೊನೆಗೆ ಆ ಕುಲದ ಊರು. ನಾಲ್ಕಾರು ಮನೆ, ಎದೆಮಟ್ಟ ಹೂವು, ಒಂದು ಮರ. ಒಬ್ಬ ಶತ್ರುವೂ ಇಲ್ಲ. ಎಪ್ಪತ್ತು ಗಂಟೆ ಪ್ರತಿ ಪೊದೆಗೂ ಕತ್ತಿ ಹಿರಿದುಕೊಂಡೇ ನಡೆದವನಿಗೆ ಇಲ್ಲಿ ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ. ಮರದ ಬಳಿ ಬಂಗಾರದ ಜಡೆಯೊಂದು ಸಿಗುತ್ತದೆ. ಇಡೀ ಆಟದ ಖಳದೇವತೆ ಎಂದು ನಾವು ಬಗೆದಿದ್ದ ಮರಿಕಾ, ಇದೇ ಊರಿನ ಹುಡುಗಿ. ದೇವತೆಯಾದ ಮೇಲೆ ಒಮ್ಮೆ ಬಂದು ಊರಿಗೆಲ್ಲ ವಾಸಿಮಾಡುವ ಬೆಳಕು ಹಚ್ಚಿ ಹೋಗಿದ್ದಾಳೆ, ವಾಸಿಯಾಗಲು ಅಲ್ಲಿ ಯಾರೂ ಉಳಿದಿಲ್ಲವೆಂದು ಗೊತ್ತಿದ್ದೂ. ಈ ಕಥೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಜಡೆ, ಒಂದು ಮಂತ್ರ, ಅವುಗಳ ಜೊತೆಗಿನ ಕೆಲವು ಸಾಲು, ಖಾಲಿ ಮನೆಗಳು. ಓದಿ ಮುಗಿಸಿ ನಾನು ಕಂಟ್ರೋಲರ್ ಕೆಳಗಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಇಷ್ಟು ಬಲ್ಲವರು ಕೆಲವು ಕಡೆ ಬರೀ ಜಾಗ ತುಂಬಿಸಿದ್ದಾರೆ ಎನ್ನುವುದೂ ನಿಜ. ಬೆರಳುಗಳ ಪಾಳು ಎಂಬ ವಿಶಾಲ ಬಯಲುಗಳಲ್ಲಿ ನೋಡಲು ವಿಚಿತ್ರ ಆಕಾರಗಳಿವೆ, ಮಾಡಲು ಕೆಲಸವಿಲ್ಲ. ಗಂಟೆಗಟ್ಟಲೆ ಬೆಟ್ಟ ಹತ್ತಿ ಮೂಲೆಯಲ್ಲಿ ಹೊಳೆಯುವ ವಸ್ತು ಕಂಡು ಓಡಿದರೆ ಅದು ಗಿಡಮೂಲಿಕೆಯ ಕಟ್ಟು. ಆಟಗಾರರ ಈ ದೂರನ್ನು ವಿಮರ್ಶೆಗಳು ಬಹುಪಾಲು ತೇಲಿಸಿಬಿಟ್ಟವು. ಅಬಿಸಲ್ ಕಾಡಿನಲ್ಲಿ ಕುದುರೆ ಬರಲೊಲ್ಲದು, ನಡೆದೇ ಹೋಗಬೇಕು, ಕಣ್ಣಿಗೆ ಬಿದ್ದರೆ ಹುಚ್ಚು ಹಿಡಿಸಿ ಕೊಲ್ಲುವ ಜೀವಿಗಳಿಂದ ಪೊದೆಯಲ್ಲಿ ಅಡಗಬೇಕು. ಮೊದಲ ಹತ್ತು ನಿಮಿಷ ಎದೆ ನಡುಗುತ್ತದೆ. ಅಡಗಿ ಸಾಗುವ ಉಪಾಯ ತಿಳಿದ ಮೇಲೆ ಬರೀ ದೂರ ಉಳಿಯುತ್ತದೆ.

ಇನ್ನು ಕೊನೆಯ ಬಾಸ್. ರಾಡಾನ್ ಮತ್ತೆ ಬಂದ, ಬೆನ್ನ ಮೇಲೆ ಮಿಕೆಲ್ಲನನ್ನು ಹೊತ್ತು. ಬಹಳ ಜನ ಕಾದಿದ್ದು ಸತ್ತ ರಾಜಕುಮಾರ ಗಾಡ್ವಿನ್‌ನ ಕಥೆ ಮುಗಿಯಲಿ ಎಂದು. ಬದಲಿಗೆ ಒಮ್ಮೆ ಕೊಂದವನೇ ಮತ್ತೆ ಎದುರಾದಾಗ ಮುನಿಸಿಕೊಂಡರು. ಆ ಮುನಿಸು ನನಗಿಲ್ಲ, ಮೇಲೆ ಹೇಳಿದ ಬಾಗಿಲಿನ ಲೆಕ್ಕದಲ್ಲಿ ರಾಡಾನ್ ಬರಲೇಬೇಕಿತ್ತು. ಆದರೆ ಮಿಕೆಲ್ಲನಿಗೂ ಅವನಿಗೂ ಇದ್ದ ಒಪ್ಪಂದದ ಸುಳಿವನ್ನು ಎಷ್ಟು ಜಿಪುಣತನದಿಂದ ಹಂಚಿದ್ದಾರೆಂದರೆ, ತೆರೆ ಎದ್ದಾಗ ಆಗಬೇಕಾದ ಬೆರಗಿನ ಜಾಗದಲ್ಲಿ ಗೊಂದಲವಾಗುತ್ತದೆ. ಹೋರಾಟವಂತೂ ನನ್ನ ಪ್ರಕಾರ ಸೋತ ಕೆಲಸ. ಕಷ್ಟ ಎಂಬ ಕಾರಣಕ್ಕಲ್ಲ. ಬೆಂಕಿಯ ಹಾವುಗಳನ್ನು ಮೈಯಲ್ಲಿ ಸಾಕಿಕೊಂಡ ಮೆಸ್ಮರ್ ಕಷ್ಟವೇ, ಅವನ ಕೈಯಲ್ಲಿ ನಾನು ಒಂದು ವಾರ ಸತ್ತಿದ್ದೇನೆ. ಆದರೆ ಮೆಸ್ಮರ್‌ನ ಪ್ರತಿ ಏಟಿಗೂ ಓದಬಹುದಾದ ಒಂದು ಮುನ್ಸೂಚನೆ ಇದೆ. ಭುಜ ತಿರುಗುತ್ತದೆ, ಈಟಿ ಹಿಂದೆ ಸರಿಯುತ್ತದೆ, ಕಾಲು ನೆಲ ಒತ್ತುತ್ತದೆ, ನಾನು ಉರುಳುತ್ತೇನೆ. ಸತ್ತರೆ ತಪ್ಪು ನನ್ನದೆಂದು ಗೊತ್ತಾಗುತ್ತದೆ. ರಾಡಾನ್‌ನ ಎರಡನೆಯ ಹಂತದಲ್ಲಿ ಪ್ರತಿ ಕತ್ತಿಯೇಟಿನ ಹಿಂದೆ ಬೆಳಕಿನ ಕಂಬಗಳು ನೆಲದಿಂದೇಳುತ್ತವೆ, ಮಿಕೆಲ್ಲನ ಬಂಗಾರದ ಕೂದಲು ಪರದೆಯನ್ನೇ ಮುಚ್ಚುತ್ತದೆ, ಭುಜ ಎಲ್ಲಿ, ಕತ್ತಿ ಎಲ್ಲಿ ಎಂದೇ ಕಾಣುವುದಿಲ್ಲ. ಓದಲು ಅಕ್ಷರವೇ ಇಲ್ಲದ ಪುಟ. ಆದ್ದರಿಂದ ಜನ ಓದುವುದನ್ನೇ ಬಿಟ್ಟರು. ಮೈ ಮುಚ್ಚುವಷ್ಟು ದೊಡ್ಡ ಗುರಾಣಿ ಹಿಡಿದು, ಅದರ ಹಿಂದಿನಿಂದ ಮೊನಚು ಕತ್ತಿಯಲ್ಲಿ ಚುಚ್ಚುತ್ತ ಚುಚ್ಚುತ್ತ ರಕ್ತ ಬಸಿಯುವುದು ಆ ದಿನಗಳ ಹೆಸರುವಾಸಿ ಉಪಾಯವಾಯಿತು. ನಾನೂ ಹಾಗೆಯೇ ಗೆದ್ದೆ. ಗೆದ್ದ ಮೇಲೆ ಆದದ್ದು ಖುಷಿಯಲ್ಲ, ತೆರಿಗೆ ಕಟ್ಟಿ ರಸೀದಿ ಪಡೆದಾಗಿನ ನಿರಾಳ.

ಅಲ್ಲಿಯೂ ಪ್ಯಾಚ್ ಬಂತು, ಸೆಪ್ಟೆಂಬರ್ 11ರಂದು, ಸಂಖ್ಯೆ 1.14. ಹೋರಾಟದ ಮೊದಲ ನೆಗೆತವನ್ನು ಬದಲಿಸಿದರು, ಕೆಲವು ಏಟುಗಳ ಬಲ, ವ್ಯಾಪ್ತಿ ಇಳಿಸಿದರು, ಕೆಲವು ಬೆಳಕುಗಳು ಕಣ್ಣಿಗೆ ಸ್ಪಷ್ಟವಾಗುವಂತೆ ಮಾಡಿದರು. ಆಗ ಎದ್ದ ಗದ್ದಲ ಜೂನ್‌ಗಿಂತ ವಿಚಿತ್ರ. ತಾವು ಗೆದ್ದ ರಾಡಾನ್‌ನೇ ನಿಜವಾದವನು, ಈಗ ಗೆದ್ದವರದು ಗೆಲುವೇ ಅಲ್ಲ ಎಂದು ಮೊದಲು ಗೆದ್ದವರು ಮೀಸೆ ತಿರುವಿದರು. ಗುರಾಣಿಯ ಹಿಂದೆ ಅಡಗಿ ಗೆದ್ದ ನಾನು ಸುಮ್ಮನಿದ್ದೆ. ಹೊಸ ರೂಪದಲ್ಲಿ ಗುರಾಣಿಯಿಲ್ಲದೆ ಮತ್ತೆ ಆಡಿ ನೋಡಿದೆ. ಮೊದಲ ಹಂತ ಈಗ ಚೆನ್ನಾಗಿದೆ. ಎರಡನೆಯದರಲ್ಲಿ ಈಗಲೂ ನನಗೆ ಕೂದಲೇ ಹೆಚ್ಚು ಕಾಣುತ್ತದೆ.

ವರ್ಷಾಂತ್ಯದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟದ ಆರು ನಾಮನಿರ್ದೇಶನಗಳಲ್ಲಿ ಇದೂ ಒಂದು. ವಿಸ್ತರಣೆಗೂ ಅವಕಾಶವುಂಟು ಎಂದು ಆಯೋಜಕರು ನಿಯಮ ಬಿಡಿಸಿ ಹೇಳಬೇಕಾಯಿತು, ಮೂಲ ಆಟ ಕೊಳ್ಳದೆ ಆಡಲಾಗದ್ದನ್ನು ಸ್ವತಂತ್ರ ಕೃತಿಗಳ ಸಾಲಿನಲ್ಲಿ ಕೂರಿಸುವುದು ಯಾವ ನ್ಯಾಯ ಎಂದು ಜನ ಕೇಳಿದರು. ಪ್ರಶಸ್ತಿ ‘ಆಸ್ಟ್ರೋ ಬಾಟ್’ ಪಾಲಾಯಿತು, ವಾದ ತಣ್ಣಗಾಯಿತು. ಆ ಪ್ರಶ್ನೆಯಲ್ಲಿ ನನಗೆ ಹೆಚ್ಚು ಹುರುಪಿಲ್ಲ. ಶಾಮನ್ ಹಳ್ಳಿಯನ್ನು ಬಾಲ ಎಂದು ಕರೆದರೆ ಅದು ಕಿರಿದಾಗುವುದಿಲ್ಲ, ದೇಹ ಎಂದು ಕರೆದರೆ ಬೆರಳುಗಳ ಪಾಳು ತುಂಬಿಕೊಳ್ಳುವುದಿಲ್ಲ.

ಅರಸೀಕೆರೆಯ ನನ್ನ ತಮ್ಮ ಕಾಲೇಜು ಮುಗಿಸಿ ಕೆಲಸ ಹಿಡಿದ. ಆಟ ಅವನ ಯಂತ್ರದಲ್ಲಿ ಹಾಗೆಯೇ ಕೂತಿತ್ತು, ಮೋಗ್ ಅದರೊಳಗೆ ಹಾಗೆಯೇ ಬದುಕಿದ್ದ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಇಷ್ಟು ಹೊತ್ತಿನಲ್ಲಿ ಫೋನ್ ಅಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಲ್ಲಿ ಎತ್ತಿದೆ.

“ಅಣ್ಣಾ, ಮೋಗ್ ಸತ್ತ!”

“ಭಲೇ! ಒಳಗೆ ಹೋದ್ಯಾ?”

“ಹೋದೆ. ಅಲ್ಲೊಬ್ಬ ಕಪ್ಪು ಕವಚದೋನು ಎರಡೇ ಏಟಿಗೆ ಮಲಗಿಸ್ಬಿಟ್ಟ ಕಣಣ್ಣಾ.”

“ಅವನ ಹತ್ರ ಯಾಕೋ ಹೋದೆ ಮೊದಲೇ?”

“ಹತ್ತಿರದಲ್ಲೇ ಇತ್ತಲ್ಲ ಅದಕ್ಕೆ.”